ಅಗಸೆ ಪುಡಿ ಫಾರ್ವರ್ಡ್

ಮೈಸೂರು ಚಿಕ್ಕಮ್ಮ: *ಫಾರ್ವರ್ಡ್ ಮಾಡಲಾಗಿದೆ* 40 ದಾಟಿದ ಹೆಣ್ಣುಮಕ್ಕಳೇ!! 21 ದಿನ ಖಾಲಿ ಹೊಟ್ಟೆಗೆ ಒಂದು ಚಮಚ ಅಗಸೆ ಪುಡಿ. ಬಿಸಿ ಏರುವುದು, ಬೆವರು, ಸಿಟ್ಟು, ಜಾಸ್ತಿ ಮುಟ್ಟು ಎಲ್ಲಾ ಮಾಯ. ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಗ್ಯಾರಂಟಿ. 10 ಜನಕ್ಕೆ ಕಳಿಸಿ 🙏

ಧಾರವಾಡದ ಅಕ್ಕ: ಚಿಕ್ಕಮ್ಮ, ಇಲ್ಲಿಗೆ ಬಂದ ಮೇಲೆ ನಾನು ದಿನಾ ರೊಟ್ಟಿಗೆ ಅಗಸೆ ಚಟ್ನಿಪುಡಿ ಹಚ್ಚಿಕೊಂಡೇ ತಿನ್ನುತ್ತೇನೆ. ಆದರೆ ಇದನ್ನು ಡಿಲೀಟ್ ಮಾಡಿ.

ಮೈಸೂರು ಚಿಕ್ಕಮ್ಮ: ಯಾಕೇ? ನಮ್ಮಮ್ಮನಿಗೆ ಏಳು ಹೆರಿಗೆ. ಮುಟ್ಟು ಯಾವಾಗ ನಿಂತಿತು ಅಂತ ಯಾರಿಗೂ ಗೊತ್ತೇ ಆಗಲಿಲ್ಲ.

ಧಾರವಾಡದ ಅಕ್ಕ: ಯಾರಾದರೂ ಕೇಳಿದ್ದರಾ? ಮಾಘದ ಚಳಿಯಲ್ಲೂ ಅಜ್ಜಿ ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡು ಜಗಲಿ ಮೇಲೆ ಮಲಗುತ್ತಿದ್ದರು, ನೀವೆಲ್ಲ ಉಷ್ಣದ ಮೈ ಅಂತಿದ್ದಿರಿ.

ಬೆಂಗಳೂರು ಭಾವ: ಅತ್ತಿಗೆ, ಗುಂಪಲ್ಲಿ ಮಕ್ಕಳಿದ್ದಾರೆ. ಇದೆಲ್ಲ ಇಲ್ಲಿ ಬೇಕಾ?

ಬೆಂಗಳೂರು ಅಕ್ಕ: ರೀ, ನಿಮ್ಮ ಪೈಲ್ಸ್ ಆಪರೇಷನ್ ಕಥೆ ಇದೇ ಗುಂಪಲ್ಲಿ ಮೂರು ದಿನ ಓಡಿತ್ತು. ಅಕ್ಕ, ನೀನು ಹೇಳು.

ಧಾರವಾಡದ ಅಕ್ಕ: ನನಗೀಗ 46. ಹೋದ ವರ್ಷ ಮುಟ್ಟು ಒಮ್ಮೆ 20 ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಈ ವಯಸ್ಸಲ್ಲಿ ಅಷ್ಟು ಏರುಪೇರು ಸಹಜವಂತೆ, ಇರಲಿ. ಆದರೆ ಗಂಟೆಗೊಂದು ಪ್ಯಾಡ್ ಸಾಲುತ್ತಿರಲಿಲ್ಲ, ಆಟೋದಿಂದ ಇಳಿದು ಸೀಟು ತಿರುಗಿ ನೋಡಿ ದುಪಟ್ಟಾದಲ್ಲಿ ಒರೆಸಿದ್ದೇನೆ. ಮೊದಲು ತೋರಿಸಿದ ಡಾಕ್ಟರು ಮುಟ್ಟು ನಿಲ್ಲೋ ಕಾಲ, ಹೀಗೇ ಅಂದರು. ಆರು ತಿಂಗಳು ಸುಮ್ನೆ ಇದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೊಬ್ಬರ ಹತ್ತಿರ ಹೋದರೆ ಹಿಮೋಗ್ಲೋಬಿನ್ 7.4, ಅಂದರೆ ರಕ್ತ ತೀರಾ ಕಡಿಮೆ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಅಲ್ಲದ್ದು. ಅಗಸೆ ಪುಡಿಗೆ ಅದು ಕರಗುತ್ತಾ?

ಮೈಸೂರು ಚಿಕ್ಕಮ್ಮ: ಅಯ್ಯೋ, ನಮಗೆ ಹೇಳಲೇ ಇಲ್ಲವಲ್ಲೇ. ಗರ್ಭಕೋಶ ತೆಗೆಸಿಬಿಡು, ರಗಳೆ ಮುಗಿಯುತ್ತೆ.

ಧಾರವಾಡದ ಅಕ್ಕ: ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಕಬ್ಬಿಣದ ಮಾತ್ರೆ, ಆಮೇಲೆ ಕಾಪರ್-ಟಿ ಥರ ಒಳಗೆ ಹಾಕುವ ಹಾರ್ಮೋನಿನದು, ಅಷ್ಟರಲ್ಲೇ ಹಿಡಿತಕ್ಕೆ ಬಂತು.

ಬೆಂಗಳೂರು ಅಕ್ಕ: ನನಗೆ ಬ್ಲೀಡಿಂಗ್ ಜಾಸ್ತಿ ಇಲ್ಲ. ರಾತ್ರಿ 3ಕ್ಕೆ ಎಚ್ಚರ, ಎದೆ ಡವಡವ, ನೈಟಿ ಹಿಂಡುವಷ್ಟು ಬೆವರು. ಹಾರ್ಮೋನ್ ಮಾತ್ರೆ ಅಂದರೆ ಭಯ.

ಧಾರವಾಡದ ಅಕ್ಕ: ಮೊದಲು ಥೈರಾಯ್ಡ್, ಶುಗರ್, ಬಿಪಿ ನೋಡಿಸು, ಡವಡವ ಥೈರಾಯ್ಡಿಂದಲೂ ಬರುತ್ತೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಲ್ಲೇ ಮುಟ್ಟಿನ ತಾರೀಖು, ನಿದ್ದೆಗೆಟ್ಟ ರಾತ್ರಿ ಗುರುತು ಹಾಕಿ ತಗೊಂಡು ಹೋಗು. ಕ್ಯಾನ್ಸರ್ ಭಯ ಪೂರ್ತಿ ಸುಳ್ಳಲ್ಲ, 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂದಾಗ ಹಬ್ಬಿದ್ದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63! 60ರ ಒಳಗಿದ್ದು ಬಿಸಿ-ಬೆವರು ತಡೆಯಲಾಗದವರಲ್ಲಿ ಹೆಚ್ಚಿನವರಿಗೆ ಹಾರ್ಮೋನ್ ಮಾತ್ರೆಯಿಂದ ಅಪಾಯಕ್ಕಿಂತ ಲಾಭ ಜಾಸ್ತಿ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇನ್ನೊಂದು, ಮುಟ್ಟು 12 ತಿಂಗಳು ಪೂರ್ತಿ ನಿಂತವರಿಗೆ ಆಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.

ಮೈಸೂರು ಚಿಕ್ಕಮ್ಮ: ಒಂದು ಹನಿಯಾದರೂನಾ?

ಧಾರವಾಡದ ಅಕ್ಕ: ಹೌದು. ಯಾಕೆ ಚಿಕ್ಕಮ್ಮ?

ಮೈಸೂರು ಚಿಕ್ಕಮ್ಮ: *ಈ ಸಂದೇಶವನ್ನು ಅಳಿಸಲಾಗಿದೆ*

ಮೈಸೂರು ಚಿಕ್ಕಮ್ಮ: ಎಷ್ಟು ಹೊತ್ತಿಗೆ ಬಿಡುವಾಗುತ್ತೀಯ? ಫೋನ್ ಮಾಡುತ್ತೇನೆ.