ಸಹಾಯ ಬೇಕು: ಸ್ಪಿನ್ನರ್ ಮಾಯವಾಗುವ ತನಕ ಟೆಸ್ಟ್ ಕಾಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬ್ರೌಸರನ್ನು ಕೋಡ್‌ನಿಂದ ನಡೆಸುವ ಸೆಲೆನಿಯಂ ಬಳಸಿ, ಜಾವಾದಲ್ಲಿ ವೆಬ್ ಪುಟಕ್ಕೆ ಟೆಸ್ಟ್ ಬರೆಯುತ್ತಿದ್ದೇನೆ. ಸೇವ್ ಒತ್ತಿದರೆ ಪುಟದ ತುಂಬ ಸ್ಪಿನ್ನರ್ (ಕೆಲಸ ನಡೆಯುತ್ತಿದೆ ಅಂತ ತೋರಿಸುವ, ಸುತ್ತುವ ಚಿಹ್ನೆ) ಬರುತ್ತದೆ, ಅದು ಹೋದ ಮೇಲೆ ಮುಂದಿನ ಬಟನ್ ಒತ್ತಬೇಕು. ಹೇಳಿದ ಷರತ್ತು ನಿಜವಾಗುವ ತನಕ ಕಾಯುವ ವೆಬ್‌ಡ್ರೈವರ್‌ವೇಟ್ ಜೊತೆ 'ಇನ್‌ವಿಸಿಬಿಲಿಟಿ' (ಎಲಿಮೆಂಟ್ ಮಾಯವಾಗಿರಬೇಕು ಅನ್ನುವ) ಕಂಡಿಷನ್ ಹಾಕಿದ್ದೇನೆ. ಆದರೂ ಆಗಾಗ ಕ್ಲಿಕ್‌ಗೆ ಬೇರೆ ಎಲಿಮೆಂಟ್ ಅಡ್ಡ ಬಂತು ಅಂತ ಎರರ್ ಬರುತ್ತದೆ.

ನನ್ನ ಅನುಮಾನ ಇದು: ಸ್ಪಿನ್ನರ್ ಬರುವ ಮೊದಲೇ ಚೆಕ್ ನಡೆದುಬಿಡುತ್ತದೆ, ಪುಟದಲ್ಲಿ ಇಲ್ಲದ ಎಲಿಮೆಂಟನ್ನೂ ಅದು ಮಾಯ ಅಂತಲೇ ಲೆಕ್ಕ ಹಾಕುವುದರಿಂದ ಟೆಸ್ಟ್ ಕಾಯದೆ ಮುಂದೆ ಹೋಗುತ್ತದೆ. ಸರಿ, ಮೊದಲು ಸ್ಪಿನ್ನರ್ ಕಾಣಲಿ, ಆಮೇಲೆ ಹೋಗಲಿ ಅಂತ ಎರಡು ವೇಟ್ ಹಾಕಿದೆ. ಆದರೆ ಚೆಕ್ ನಡೆಯುವುದು 500 ಮಿಲಿಸೆಕೆಂಡಿಗೊಮ್ಮೆ ಅಲ್ವಾ, ಸರ್ವರ್ ಬೇಗ ಉತ್ತರ ಕೊಟ್ಟರೆ ಸ್ಪಿನ್ನರ್ ಆ ಮಧ್ಯದಲ್ಲೇ ಬಂದು ಹೋಗುತ್ತದೆ, ಮೊದಲ ವೇಟ್ ಟೈಮ್‌ಔಟ್ ಆಗುತ್ತದೆ.

ಇಂಪ್ಲಿಸಿಟ್ ವೇಟ್ (ಯಾವುದೇ ಎಲಿಮೆಂಟ್ ಸಿಗದಿದ್ದರೆ ಎಷ್ಟು ಹೊತ್ತು ಹುಡುಕಬೇಕು ಅನ್ನುವ ಸೆಟ್ಟಿಂಗ್) 10 ಸೆಕೆಂಡ್ ಇತ್ತು. ಸ್ಪಿನ್ನರ್ ಇಲ್ಲದಿದ್ದಾಗಲೂ ಅಷ್ಟು ಹೊತ್ತು ಸುಮ್ನೆ ಹುಡುಕುತ್ತಿತ್ತು, ಅದನ್ನು ತೆಗೆದೆ. ಟೆಸ್ಟ್ ಬೇಗ ಮುಗಿಯುತ್ತಿದೆ, ಎರರ್ ಮಾತ್ರ ಹೋಗಿಲ್ಲ.

ಥ್ರೆಡ್ ಸ್ಲೀಪ್ (ಇಷ್ಟು ಹೊತ್ತು ಅಂತ ಸುಮ್ನೆ ನಿಲ್ಲಿಸುವುದು) ಹಾಕಲು ನನಗೆ ಖಂಡಿತ ಇಷ್ಟವಿಲ್ಲ. ಸ್ಪಿನ್ನರ್ ಬಿಟ್ಟು, ಸೇವ್ ಆದ ಮೇಲೆ ಟೇಬಲ್‌ನಲ್ಲಿ ಬರುವ ಹೊಸ ಸಾಲಿಗೆ ಕಾಯುವುದು ಸರಿಯೇ? ಸೇವ್ ಆದ ಮೇಲೂ ಏನೂ ಬದಲಾಗದ ಪುಟಗಳಲ್ಲಿ ನೀವು ಯಾವುದಕ್ಕೆ ಕಾಯುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ, ಕೋಡ್ ಬೇಕಿದ್ದರೆ ಹಾಕುತ್ತೇನೆ.