ಇರಾನ್ ಸಿನಿಮಾ ಅಧ್ಯಯನ: ರಾಜಕೀಯ ಹಿನ್ನೆಲೆಯನ್ನು ಎಲ್ಲಿಂದ ಹಿಡಿಯಬೇಕು?

ಬೆಳ್ಳಿತೆರೆ_77

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಐದು ವಾರ, ವಾರಕ್ಕೊಂದರಂತೆ ಇರಾನಿನ ಚಿತ್ರಗಳನ್ನು ಹಾಕಿ ಚರ್ಚಿಸಬೇಕೆಂದಿದ್ದೇವೆ. ನಿರ್ದೇಶಕರ ಹೆಸರಿನೊಂದಿಗೆ ಸದ್ಯದ ಪಟ್ಟಿ ಇದು: ಪನಾಹಿಯ ‘ದಿ ವೈಟ್ ಬಲೂನ್’ (1995) ಮತ್ತು ‘ಟ್ಯಾಕ್ಸಿ’ (2015), ಕಿಯಾರೊಸ್ತಮಿಯ ‘ಟೆನ್’ (2002), ಫರ್ಹಾದಿಯ ‘ಎ ಸೆಪರೇಷನ್’ (2011), ರಸೂಲೊಫ್‌ನ ‘ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್’ (2024).

ಇಂಥ ಚರ್ಚೆಗಳು ಹತ್ತೇ ನಿಮಿಷದಲ್ಲಿ “ಅಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಕಟ್ಟುಪಾಡು ನೋಡಿ” ಅನ್ನುವಲ್ಲಿಗೆ ಬಂದು ನಿಂತುಬಿಡುತ್ತವೆ. ಸಿನಿಮಾ ಮರೆತೇ ಹೋಗುತ್ತದೆ. ಮೊದಲು ಒಂದು ಗಂಟೆ 1979ರ ಕ್ರಾಂತಿಯ ಇತಿಹಾಸ ಹೇಳಿ ಆಮೇಲೆ ಚಿತ್ರ ಹಾಕಬೇಕೆ? ಚಿತ್ರದ ಒಳಗಿಂದಲೇ ರಾಜಕೀಯಕ್ಕೆ ದಾರಿ ಇದೆಯೆ? ಇರಾನಿನ ಪಾರ್ಸಿ ಭಾಷೆ ಬಾರದ ನಾವು ಸಬ್‌ಟೈಟಲನ್ನು ಎಷ್ಟು ನಂಬಬಹುದು? ತಿಳಿದವರು ಹೇಳಬೇಕು.

ಹಳೇರೀಲು

ಇತಿಹಾಸದ ಉಪನ್ಯಾಸ ಮೊದಲು ಬೇಡ. ಅದನ್ನು ಕೇಳಿದವರು ಚಿತ್ರದಲ್ಲಿ ಆ ಉಪನ್ಯಾಸಕ್ಕೆ ಪುರಾವೆ ಹುಡುಕುತ್ತಾ ಕೂರುತ್ತಾರೆ, ಎದುರಿಗಿರುವ ಚೌಕಟ್ಟನ್ನು ನೋಡುವುದಿಲ್ಲ.

ಪರವಾನಗಿಯಿಂದ ಶುರು ಮಾಡಿ. ನಮ್ಮ ‘ಪರವಾನಗಿ’ ಬಂದದ್ದೇ ಪಾರ್ಸಿಯಿಂದ. ಅಲ್ಲಿ ಚಿತ್ರದ ಪ್ರದರ್ಶನಕ್ಕೆ ಬೇಕಾದ ಪತ್ರದ ಹೆಸರು ‘ಪರ್ವಾನೆಯೆ ನಮಾಯೆಶ್’. ಸಂಸ್ಕೃತಿ ಮತ್ತು ಇಸ್ಲಾಮಿ ಮಾರ್ಗದರ್ಶನ ಸಚಿವಾಲಯ (ಜನ ‘ಎರ್ಶಾದ್’ ಅನ್ನುತ್ತಾರೆ) ಚಿತ್ರೀಕರಣಕ್ಕೆ ಮುಂಚೆ ಒಂದು, ಚಿತ್ರ ಮುಗಿದ ಮೇಲೆ ಒಂದು ಅನುಮತಿ ಕೊಡಬೇಕು. ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ ಹಾಕಿಕೊಳ್ಳಿ: ಯಾವ ಅನುಮತಿ ಇತ್ತು, ಯಾವುದು ಇರಲಿಲ್ಲ, ಇರಾನಿನ ಒಳಗೆ ಅದನ್ನು ಯಾರು ನೋಡಿದರು? ‘ಎ ಸೆಪರೇಷನ್’ ಟೆಹರಾನಿನ ಥಿಯೇಟರುಗಳಲ್ಲಿ ಓಡಿದ ಚಿತ್ರ. 2010ರ ಡಿಸೆಂಬರಿನಲ್ಲಿ ಪನಾಹಿಗೆ ಆರು ವರ್ಷ ಜೈಲು, 20 ವರ್ಷ ಚಿತ್ರ ಮಾಡದಂತೆ ನಿಷೇಧ ವಿಧಿಸಲಾಗಿತ್ತು. ‘ಟ್ಯಾಕ್ಸಿ’ ಆ ನಿಷೇಧದ ನಡುವೆ, ಅನುಮತಿಯಿಲ್ಲದೆ ತೆಗೆದದ್ದು. ಇವೆರಡನ್ನೂ ‘ಇರಾನಿನ ಚಿತ್ರ’ ಎಂದು ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಅರ್ಥವಾಗುವುದಿಲ್ಲ.

ಹಾಗಾಗಿ ವರ್ಷದ ಕ್ರಮ ಬಿಟ್ಟು, ಮೊದಲ ವಾರವೇ ‘ಟ್ಯಾಕ್ಸಿ’ ಹಾಕಿ. ಅದರಲ್ಲಿ ಪನಾಹಿಯ ಸೋದರಸೊಸೆ, ಶಾಲೆಯ ಹುಡುಗಿ, ಕಿರುಚಿತ್ರ ಮಾಡುವುದಕ್ಕೆ ಟೀಚರ್ ಕೊಟ್ಟ ನಿಯಮಗಳನ್ನು ಓದುತ್ತಾಳೆ: ಗಂಡು ಹೆಣ್ಣು ಮುಟ್ಟಬಾರದು, ಒಳ್ಳೆಯ ಪಾತ್ರ ಟೈ ಕಟ್ಟಬಾರದು, ‘ಸಿಯಾಹ್‌ನಮಾಯಿ’ ಅಂದರೆ ಬದುಕನ್ನು ಕರಾಳವಾಗಿ ತೋರಿಸುವುದು ಕೂಡದು. ಅಲ್ಲಿ ನಿಲ್ಲಿಸಿ ಆ ಪಟ್ಟಿಯನ್ನು ಬರೆದುಕೊಳ್ಳಿ. ಉಳಿದ ನಾಲ್ಕು ವಾರ ಅದೇ ನಿಮ್ಮ ಅಳತೆಗೋಲು. ಕೊನೆಯಲ್ಲಿ ನಟರ, ತಂತ್ರಜ್ಞರ ಹೆಸರುಗಳು ಬರುವುದಿಲ್ಲ. ಪ್ರದರ್ಶನಯೋಗ್ಯ ಚಿತ್ರದ ಹೆಸರುಪಟ್ಟಿಗೂ ಸಚಿವಾಲಯದ ಒಪ್ಪಿಗೆ ಬೇಕು ಎಂಬ ಬರಹವಷ್ಟೇ ಇದೆ. ಆ ಖಾಲಿ ಜಾಗವೂ ಚಿತ್ರದ ಭಾಗವೇ.

ಮಧ್ಯಂತರ

ಹಳೇರೀಲು ಅವರ ಮಾತಿಗೆ ಸೇರಿಸುತ್ತೇನೆ. ನಿಯಮವು ಚೌಕಟ್ಟಿಗೆ ಏನು ಮಾಡಿತು ಎಂದು ನೋಡುವುದಕ್ಕೆ ಒಂದು ಸರಳ ಕ್ರಮ ಇದೆ. ಚಿತ್ರವನ್ನು ಒಮ್ಮೆ ತಡೆಯಿಲ್ಲದೆ ನೋಡಿ. ಎರಡನೇ ಸಲ ಹತ್ತು ನಿಮಿಷದ ಒಂದು ತುಂಡನ್ನಷ್ಟೇ ತೆಗೆದುಕೊಂಡು, ಪ್ರತಿ ಶಾಟಿಗೂ ನಾಲ್ಕು ಕಾಲಂ ಬರೆಯಿರಿ: ಎಲ್ಲಿ (ಮನೆಯೊಳಗೆ, ಹೊಸ್ತಿಲು, ಕಾರು, ಬೀದಿ, ಕಚೇರಿ), ಯಾರು ಕಾಣುತ್ತಾರೆ, ಯಾರ ದನಿ ಮಾತ್ರ ಕೇಳುತ್ತದೆ, ನಡುವೆ ಅಡ್ಡ ಏನಿದೆ (ಗಾಜು, ಬಾಗಿಲು, ಪರದೆ). ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಇಡೀ ಚಿತ್ರಕ್ಕೆ ಹೀಗೆ ಬರೆಯಲು ಹೋಗಬೇಡಿ, ಅರ್ಧದಲ್ಲೇ ಕೈಬಿಡುತ್ತೀರಿ.

ಮನೆಯೊಳಗೆ ಹೆಣ್ಣು ತಲೆವಸ್ತ್ರ ತೆಗೆಯುವುದು ಸಹಜ. ಆದರೆ ಪರದೆಯ ಮೇಲೆ ಗಂಡನ ಎದುರೂ ತೆಗೆಯುವಂತಿರಲಿಲ್ಲ. ಹಾಗಾಗಿ ಮನೆಯೊಳಗಿನ ದೃಶ್ಯ ಚಿತ್ರೀಕರಿಸಿದರೆ ಸುಳ್ಳಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ನಿರ್ದೇಶಕರು ಬೀದಿಗೆ ಬಂದರು, ಮಕ್ಕಳ ಕತೆ ಹಿಡಿದರು, ಕಾರಿನೊಳಗೆ ಕೂತರು. ಕಾರು ಮನೆಯೂ ಅಲ್ಲ, ಬೀದಿಯೂ ಅಲ್ಲ; ಅಲ್ಲಿ ತಲೆವಸ್ತ್ರವೂ ಸಹಜ, ಖಾಸಗಿ ಮಾತೂ ಸಹಜ. ‘ಟೆನ್’ ಪೂರ್ತಿ ಕಾರಿನಲ್ಲೇ ನಡೆಯುತ್ತದೆ: ಡ್ಯಾಶ್‌ಬೋರ್ಡಿನ ಮೇಲೆ ಎರಡು ಡಿಜಿಟಲ್ ಕ್ಯಾಮೆರಾ, ಹತ್ತು ಸಂಭಾಷಣೆ. ಮೊದಲ ಸಂಭಾಷಣೆಯ ಉದ್ದಕ್ಕೂ ಕ್ಯಾಮೆರಾ ಮಗನ ಮೇಲೇ ಇರುತ್ತದೆ, ತಾಯಿಯ ದನಿ ಮಾತ್ರ. ಮುಂದೆ ಒಬ್ಬಳು ತಲೆವಸ್ತ್ರ ಸರಿಸಿದಾಗ ಕೂದಲು ಬೋಳಿಸಿರುವುದು ಕಾಣುತ್ತದೆ. ಕೂದಲು ತೋರಿಸಬಾರದೆಂಬ ನಿಯಮದ ಎದುರು, ಕೂದಲೇ ಇಲ್ಲದ ತಲೆ!

‘ಎ ಸೆಪರೇಷನ್’ನಲ್ಲಿ ಮೊದಲ ದೃಶ್ಯವನ್ನೇ ತುಂಡಾಗಿ ಆರಿಸಿಕೊಳ್ಳಿ. ಗಂಡ ಹೆಂಡತಿ ನೇರ ಕ್ಯಾಮೆರಾ ನೋಡಿಕೊಂಡು ವಾದಿಸುತ್ತಾರೆ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು, ಕಟ್ ಇಲ್ಲದೆ. ನ್ಯಾಯಾಧೀಶರ ದನಿ ಮಾತ್ರ ಕೇಳುತ್ತದೆ, ಮುಖವಿಲ್ಲ. ಆ ಕುರ್ಚಿಯಲ್ಲಿ ನೋಡುಗನನ್ನು ಕೂರಿಸಿದ್ದಾರೆ. ಮನೆಗೆಲಸಕ್ಕೆ ಬಂದ ರಜಿಯೆ, ಮರೆವಿನ ಕಾಯಿಲೆಯ ಮುದುಕ ಬಟ್ಟೆ ಒದ್ದೆ ಮಾಡಿಕೊಂಡಾಗ, ತಾನು ಅವನನ್ನು ಸ್ವಚ್ಛ ಮಾಡಿದರೆ ಪಾಪವೇ ಎಂದು ಫೋನ್ ಮಾಡಿ ಕೇಳುತ್ತಾಳಲ್ಲ, ಅದನ್ನು ‘ದಬ್ಬಾಳಿಕೆ’ ಎಂದು ಒಂದೇ ಪದದಲ್ಲಿ ಮುಗಿಸಿದರೆ ದೃಶ್ಯ ಸತ್ತಿತು. ಆಕೆಗೆ ದುಡ್ಡು ಬೇಕು, ನಂಬಿಕೆಯೂ ಬೇಕು, ಎದುರಿಗೆ ಒದ್ದೆ ಬಟ್ಟೆಯ ಮುದುಕ ನಿಂತಿದ್ದಾನೆ. ವರ್ಗ, ಧರ್ಮ, ಮೈಮುಟ್ಟುವ ಕೆಲಸ, ಮೂರೂ ಆ ಒಂದು ಫೋನ್ ಕರೆಯಲ್ಲಿವೆ. ಕೊನೆಗೆ, ಗರ್ಭ ಹೋದದ್ದಕ್ಕೆ ಪರಿಹಾರದ ಹಣ (‘ದಿಯೆ’) ಕೈಗೆ ಬರುವ ಹೊತ್ತಿಗೆ ಖುರಾನ್ ಮುಟ್ಟಿ ಆಣೆ ಮಾಡಲು ಅವಳು ಒಪ್ಪದಿರುವುದೂ ಇದೇ ಎಳೆ.

ಅಡಿಬರಹ_ಪ್ರಿಯ

ಸಬ್‌ಟೈಟಲ್ ಬಗ್ಗೆ ಕೇಳಿದ್ದೀರಿ. ಇಂಗ್ಲಿಷ್ ಸಬ್‌ಟೈಟಲ್ ಕಳೆಯುವುದನ್ನು ಕನ್ನಡದವರು ಕಿವಿಯಲ್ಲೇ ಹಿಡಿಯಬಹುದು. ಪಾರ್ಸಿಯಲ್ಲಿ ‘ತೊ’ ಅಂದರೆ ನೀನು, ‘ಶೊಮಾ’ ಅಂದರೆ ನೀವು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದ. ಯಾರು ಯಾರಿಗೆ ಯಾವಾಗ ‘ಶೊಮಾ’ದಿಂದ ‘ತೊ’ಗೆ ಇಳಿದರು ಎಂದು ಗುರುತು ಹಾಕಿಕೊಳ್ಳಿ, ಜಗಳ ಎಲ್ಲಿ ಮಿತಿಮೀರಿತು ಎಂದು ಅಲ್ಲೇ ತಿಳಿಯುತ್ತದೆ. ಸರ್ವನಾಮ ಬಿಟ್ಟು ಮಾತಾಡುವುದೂ ಹೆಚ್ಚು, ಆಗ ಕ್ರಿಯಾಪದದ ಕೊನೆ ಕೇಳಬೇಕು: ‘ಮೀರಿ’ ಎಂದರೆ ಹೋಗ್ತೀಯ, ‘ಮೀರಿನ್’ ಎಂದರೆ ಹೋಗ್ತೀರಿ. ಟ್ಯಾಕ್ಸಿಯವರು, ಅಂಗಡಿಯವರು ಬೆಲೆ ಕೇಳಿದಾಗ ‘ಗಾಬೆಲ್ ನದಾರೆ’ (ಇರಲಿ ಬಿಡಿ, ಏನೂ ಬೇಡ) ಅನ್ನುವುದು ‘ತಾರೊಫ್’ ಎಂಬ ಉಪಚಾರದ ಮಾತು. ಹಣ ಕೊಡಲೇಬೇಕು. ಇದು ತಿಳಿಯದಿದ್ದರೆ ಪಾತ್ರ ಉದಾರಿ ಎಂದು ತಪ್ಪು ಬರೆಯುತ್ತೀರಿ.

ಹೆಸರೂ ಸೋರುತ್ತದೆ. ಫರ್ಹಾದಿಯ ಚಿತ್ರದ ಮೂಲ ಹೆಸರಿಗೆ ‘ಸಿಮಿನ್‌ಳಿಂದ ನಾದೆರ್‌ನ ಅಗಲಿಕೆ’ ಎಂಬ ಅರ್ಥ. ಗಂಡ ಹೆಂಡತಿ ಇಬ್ಬರ ಹೆಸರೂ ಅದರಲ್ಲಿದೆ.

ತಾಂತ್ರಿಕವಾಗಿ ಕೆಡುವುದು ಎರಡು ಕಡೆ. ಸಬ್‌ಟೈಟಲ್ ಮೊದಲಿಂದ ಕೊನೆತನಕ ಒಂದೇ ಅಂತರದಲ್ಲಿ ಹಿಂದುಮುಂದಾಗಿದ್ದರೆ ವಿಎಲ್‌ಸಿಯ ‘ಜಿ’, ‘ಎಚ್’ ಕೀಲಿಗಳಿಂದ ಸರಿಯಾಗುತ್ತದೆ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಜಾರಿದರೆ ಅದು ಫ್ರೇಮ್ ದರದ ತಕರಾರು: ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆಂದು ಮಾಡಿದ ಸಬ್‌ಟೈಟಲನ್ನು 23.976 ಫ್ರೇಮಿನ ಪ್ರತಿಗೆ ಹಾಕಿದರೆ ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ ತಪ್ಪುತ್ತದೆ. ಕೀಲಿ ಒತ್ತಿ ಪ್ರಯೋಜನವಿಲ್ಲ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸಿ ಉಳಿಸಿಕೊಳ್ಳಿ. ಇದೇ ಕಾರಣಕ್ಕೆ ಟಿಪ್ಪಣಿಯಲ್ಲಿ ನಿಮಿಷ ಮಾತ್ರ ಬರೆಯಬೇಡಿ, ಶಾಟಿನಲ್ಲಿ ಏನಿದೆ ಎಂದು ಎರಡು ಪದ ಸೇರಿಸಿ. ಇನ್ನೊಬ್ಬರ ಪ್ರತಿಯಲ್ಲಿ ನಿಮಿಷ ಬೇರೆ ಇರುತ್ತದೆ.

ಇಸವಿಯ ಗೊಂದಲ ಇನ್ನೊಂದು. ಇರಾನಿನ ವರ್ಷ ಮಾರ್ಚ್ 21ರ ಹೊತ್ತಿಗೆ, ನವ್ರೋಜ್‌ನಿಂದ ಶುರು. ಅವರ ಇಸವಿಗೆ 621 ಕೂಡಿಸಿ. ಜನವರಿಯಿಂದ ಮಾರ್ಚ್ ನಡುಗಾಲದವರೆಗಿನ ದಿನವಾದರೆ 622. ಫಜ್ರ್ ಚಿತ್ರೋತ್ಸವ ಫೆಬ್ರುವರಿಯಲ್ಲಿ ನಡೆಯುವುದರಿಂದ ಇಲ್ಲೇ ಹೆಚ್ಚು ಎಡವುತ್ತಾರೆ. 1389ರ ಫಜ್ರ್ ಎಂದರೆ 2011ರ ಫೆಬ್ರುವರಿ.

ತೆರೆಮರೆ

ನಿಮ್ಮ ಪಟ್ಟಿಯ ಬಗ್ಗೆ ನನಗೆ ತಕರಾರಿದೆ. ಐದೂ ಹೊರಗಿನ ಚಿತ್ರೋತ್ಸವಗಳು ಮೆಚ್ಚಿದ ಚಿತ್ರಗಳು. ಇರಾನಿನ ಜನ ಟಿಕೆಟ್ ಕೊಂಡು ಕಿಕ್ಕಿರಿದು ನೋಡಿದ ಹಾಸ್ಯ, ಯುದ್ಧದ ಕತೆ ಒಂದೂ ಇಲ್ಲ. ಹಾಗೆ ನೋಡಿದರೆ ಅಲ್ಲಿನ ಸಿನಿಮಾ ಎಂದರೆ ಬರೀ ಸೆನ್ಸಾರಿನೊಂದಿಗೆ ಗುದ್ದಾಟ ಎಂದಾಗಿಬಿಡುತ್ತದೆ. ಒಂದು ವಾರ ಹೆಚ್ಚಿಸಿ ‘ಮಾರ್ಮೂಲಕ್’ (2004) ಸೇರಿಸಿ: ಜೈಲಿನಿಂದ ಮೌಲ್ವಿಯ ಬಟ್ಟೆ ತೊಟ್ಟು ತಪ್ಪಿಸಿಕೊಳ್ಳುವ ಕಳ್ಳನ ಕತೆ. ಅನುಮತಿ ಪಡೆದು ಬಿಡುಗಡೆಯಾಯಿತು, ಜನ ಮುಗಿಬಿದ್ದರು, ಕೆಲವೇ ವಾರಗಳಲ್ಲಿ ಥಿಯೇಟರಿನಿಂದ ತೆಗೆಸಲಾಯಿತು. ಅನುಮತಿ ಎಂಬುದು ಒಂದು ಗಟ್ಟಿ ಗೋಡೆಯಲ್ಲ, ದಿನದಿನದ ಚೌಕಾಸಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಗುವುದಾದರೆ ಹಾತಮಿಕಿಯಾನ ‘ದಿ ಗ್ಲಾಸ್ ಏಜೆನ್ಸಿ’ (1998) ಕೂಡ ನೋಡಿ. 1980–88ರ ಇರಾಕ್ ಯುದ್ಧದಿಂದ ಬಂದ ಯೋಧರ ಸಿಟ್ಟನ್ನು ವ್ಯವಸ್ಥೆಯ ಒಳಗಿದ್ದೇ ಹೇಳುವ ಚಿತ್ರ ಅದು.

‘ವೈಟ್ ಬಲೂನ್’ ಮಕ್ಕಳ ಚಿತ್ರವೆಂದು ಹಗುರವಾಗಿ ದಾಟಬೇಡಿ. ನವ್ರೋಜ್ ಹಬ್ಬಕ್ಕೆ ಬಂಗಾರದ ಮೀನು (ಗೋಲ್ಡ್‌ಫಿಶ್) ಕೊಳ್ಳಬೇಕೆಂದ ಹುಡುಗಿ ಮೀನು ಹಿಡಿದು ಮನೆಗೆ ಹೋಗುತ್ತಾಳೆ, ಅಣ್ಣನೂ ಹೋಗುತ್ತಾನೆ. ಕೊನೆಯ ಚೌಕಟ್ಟು ನಿಲ್ಲುವುದು ಬಲೂನ್ ಮಾರುವ ಆಫ್ಘನ್ ಹುಡುಗನ ಮೇಲೆ. ಹಬ್ಬದ ಗಳಿಗೆಯಲ್ಲಿ ಅವನು ಬೀದಿಯಲ್ಲೇ ಇದ್ದಾನೆ. ನಿರಾಶ್ರಿತರ ರಾಜಕೀಯವನ್ನು ಮಾತಿಲ್ಲದೆ ಹೇಳಿದ ಶಾಟ್ ಅದು.

ಬೆಳ್ಳಿತೆರೆ_77

ತುಂಬಾ ಉಪಕಾರವಾಯಿತು. ‘ಮಾರ್ಮೂಲಕ್’ ಸೇರಿಸಿ ಆರು ವಾರ ಮಾಡುತ್ತೇವೆ, ‘ಟ್ಯಾಕ್ಸಿ’ ಮೊದಲು. ಕೊನೆಯ ಎರಡು ವಾರಕ್ಕೆ ‘ಎ ಸೆಪರೇಷನ್’, ‘ಸೇಕ್ರೆಡ್ ಫಿಗ್’ ಒಟ್ಟಿಗೆ ಇಟ್ಟರೆ ಸರಿಹೋಗುತ್ತದೆಯೆ?

ಮಧ್ಯಂತರ

ಸರಿಯಾಗಿದೆ. ಎರಡರಲ್ಲೂ ಮನೆಯೊಳಗಿನ ಒಂದೊಂದು ದೃಶ್ಯ ತೆಗೆದು ಪಕ್ಕಪಕ್ಕ ಇಡಿ. ಸಿಮಿನ್ ಮನೆಯಲ್ಲೂ ತಲೆವಸ್ತ್ರದಲ್ಲೇ ಇರುತ್ತಾಳೆ. ರಸೂಲೊಫ್ ಗುಟ್ಟಾಗಿ ತೆಗೆದ ಚಿತ್ರದಲ್ಲಿ ಹೆಣ್ಣುಮಕ್ಕಳು ಮನೆಯಲ್ಲಿ ಬಿಟ್ಟ ಕೂದಲಲ್ಲೇ ಓಡಾಡುತ್ತಾರೆ. ಈ ಎರಡು ದೃಶ್ಯಗಳ ನಡುವೆ 2022ರ ಸೆಪ್ಟೆಂಬರಿನಲ್ಲಿ, ತಲೆವಸ್ತ್ರದ ನಿಯಮದ ಹೆಸರಿನಲ್ಲಿ ಪೊಲೀಸರು ಹಿಡಿದಿದ್ದ ಯುವತಿ ಮಹ್ಸಾ ಅಮಿನಿಯ ಸಾವು, ಆಮೇಲಿನ ಪ್ರತಿಭಟನೆಗಳು ಇವೆ. ಆ ದಿನಗಳಲ್ಲಿ ಜನ ಫೋನಿನಲ್ಲಿ ತೆಗೆದ ವಿಡಿಯೊಗಳನ್ನೇ ರಸೂಲೊಫ್ ಚಿತ್ರದೊಳಗೆ ಹಾಕಿದ್ದಾರೆ. ಇತಿಹಾಸ ಹೇಳಬೇಕಾದದ್ದು ಆ ಜಾಗದಲ್ಲಿ, ಹದಿನೈದು ನಿಮಿಷ ಸಾಕು.

ಇನ್ನೊಂದು ಮಾತು. ‘ಎ ಸೆಪರೇಷನ್’ ಹಾಕುವಾಗ ಟೈಟಲ್ ಮುಗಿಯುವ ತನಕ ಯಾರೂ ಮಾತಾಡದಂತೆ ನೋಡಿಕೊಳ್ಳಿ. ಹೆಸರುಗಳ ಹಿಂದೆ ಗುರುತಿನ ಪತ್ರಗಳು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಒಂದೊಂದಾಗಿ ಬಂದುಹೋಗುತ್ತವೆ. ಕ್ಯಾಮೆರಾ ಯಂತ್ರದ ಒಳಗಿದೆ.