ದಿನಾ ಎರಡು ಬಸ್ಸು ಬದಲಿಸಿ ಬಳ್ಳಾರಿಗೆ ಹೋಗಿ ಎಂ.ಎ. ಓದೋಕಾಗುತ್ತಾ? ಹಾಸ್ಟೆಲ್ ಲಿಸ್ಟಿನಲ್ಲಿ ಹೆಸರಿಲ್ಲ

ಕಾಲುವೆ ಊರಿನವಳು:

ಎಲ್ಲರಿಗೂ ನಮಸ್ಕಾರ. ಈ ವರ್ಷ ಬಳ್ಳಾರಿಯಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ್ದೇನೆ. ನಮ್ಮೂರು ಸಿರುಗುಪ್ಪ ತಾಲೂಕು, ತೆಕ್ಕಲಕೋಟೆಯಿಂದ ಇನ್ನೂ ಒಳಗೆ. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಾಗಾಗಿ ಯಾರನ್ನು ಏನು ಕೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಮೊದಲ ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ಮೂರು ವಾರದಿಂದ ಊರಿಂದಲೇ ಓಡಾಡುತ್ತಿದ್ದೇನೆ. ಬೆಳಿಗ್ಗೆ ಆರೂಕಾಲಿಗೆ ಊರು ಬಿಟ್ಟು ತೆಕ್ಕಲಕೋಟೆಯಲ್ಲಿ ಇಳಿದು, ಸಿರುಗುಪ್ಪ ಕಡೆಯಿಂದ ಬರುವ ಬಸ್ಸು ಹಿಡಿದು, ಬಳ್ಳಾರಿಯಲ್ಲಿ ಇಳಿದ ಮೇಲೆ ಮತ್ತೆ ಆಟೋ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ, ಅದೊಂದು ಸಮಾಧಾನ. ಆದರೆ ಬಸ್ಸು ತುಂಬಿ ಬಂದರೆ ತೆಕ್ಕಲಕೋಟೆಯಲ್ಲಿ ನಿಲ್ಲಿಸದೆ ಹೋಗಿಬಿಡುತ್ತಾರೆ. ವಾರಕ್ಕೆ ಎರಡು ಸಲವಾದರೂ ಮೊದಲ ಕ್ಲಾಸು ತಪ್ಪುತ್ತಿದೆ.

ಅದಕ್ಕಿಂತ ಕಷ್ಟ ಮಧ್ಯಾಹ್ನದ್ದು. ಒಂದೂವರೆಗೆ ಕ್ಲಾಸು ಮುಗಿಯುತ್ತೆ. ತೆಕ್ಕಲಕೋಟೆಯಿಂದ ನಮ್ಮೂರಿಗೆ ಸಂಜೆ ಇರುವುದು ಒಂದೇ ಬಸ್ಸು, ಆರೂವರೆಗೆ. ಮುಂಚೆ ಹೋದರೂ ಅಲ್ಲಿ ಕಾಯಬೇಕು, ಇಲ್ಲಿದ್ದರೂ ಕಾಯಬೇಕು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತರೆ ಯಾರಾದರೂ ಬಂದು ಎಲ್ಲಿಯವಳು, ಯಾರ ಮನೆಯವಳು ಅಂತ ಕೇಳುತ್ತಾರೆ. ಲೈಬ್ರರಿಗೆ ಹೋಗೋಣ ಅಂದರೆ ನನ್ನ ಐಡಿ ಕಾರ್ಡ್ ಇನ್ನೂ ಬಂದಿಲ್ಲ, ಬಿಡುತ್ತಾರೋ ಇಲ್ಲವೋ ಅಂತ ಕೇಳೋಕೂ ಹೆದರಿಕೆ. ನಿನ್ನೆ ಕ್ಲಾಸ್ ರೂಮಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ತಿಂದೆ. ಅವ್ವ ಬೆಳಗಿನ ಜಾವ ಬಡಿದ ರೊಟ್ಟಿ, ಮಧ್ಯಾಹ್ನದ ಹೊತ್ತಿಗೆ ಅಂಚೆಲ್ಲ ಗಟ್ಟಿಯಾಗಿತ್ತು. ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡು ತಿನ್ನುವಾಗ ಸುಮ್ನೆ ಅಳು ಬಂತು.

ಪೇಟೆಯಲ್ಲಿ ಪೇಯಿಂಗ್ ಗೆಸ್ಟ್ ಕೇಳಿದೆ, ತಿಂಗಳಿಗೆ ಐದು ಸಾವಿರ ಅಂದರು. ಈಗ ನಾಟಿ ನಡೆದಿದೆ, ಕೂಲಿಗೆ ಕೊಡೋಕೇ ಅಪ್ಪನ ಹತ್ತಿರ ದುಡ್ಡಿಲ್ಲ. ಹೋದ ವರ್ಷ ಡಿಗ್ರಿಯ ಸ್ಕಾಲರ್‌ಶಿಪ್ಪೂ ಬಂದಿಲ್ಲ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನೋಡಿದರೆ ಮಂಜೂರಾಗಿದೆ ಅಂತಲೇ ತೋರಿಸುತ್ತೆ. ಅಪ್ಪ ಬೈಯುವುದಿಲ್ಲ. "ಈ ವರ್ಷ ಬಿಡವ್ವ, ಬರೋ ವರ್ಷ ನೋಡೋಣ" ಅನ್ನುತ್ತಾರೆ. ಬಿಟ್ಟರೆ ಮತ್ತೆ ಸೇರೋಕಾಗಲ್ಲ ಅಂತ ನನಗೆ ಗೊತ್ತು.

ಹೀಗೇ ಓಡಾಡಿ ಓದಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ?

ಕಂಪ್ಲಿ ಅಕ್ಕ:

ತಂಗಿ, ವರ್ಷ ಬಿಡಬೇಡ. ನಾನು ಎಂ.ಕಾಂ. ಎರಡನೇ ವರ್ಷ. ನನ್ನ ಹೆಸರೂ ಮೊದಲ ಲಿಸ್ಟಿನಲ್ಲಿ ಇರಲಿಲ್ಲ, ಎರಡು ತಿಂಗಳ ಮೇಲೆ ಸೀಟು ಸಿಕ್ಕಿತು. ಎಂ.ಎ., ಎಂ.ಕಾಂ.ಗೆ ಸೇರಿದವರಲ್ಲಿ ಒಂದಷ್ಟು ಜನ ಬಿ.ಇಡಿ. ಸೀಟು ಸಿಕ್ಕ ಕೂಡಲೇ ಬಿಟ್ಟು ಹೋಗುತ್ತಾರೆ, ಕೆಲವರಿಗೆ ಕೆಲಸ ಸಿಗುತ್ತೆ, ಒಬ್ಬಿಬ್ಬರ ಮದುವೆ ಆಗುತ್ತೆ. ಆ ಜಾಗ ಖಾಲಿ ಬೀಳುತ್ತೆ. ಆದರೆ ಖಾಲಿಯಾಗಿದೆ ಬಾ ಅಂತ ನಿನ್ನನ್ನು ಯಾರೂ ಹುಡುಕಿಕೊಂಡು ಬರಲ್ಲ. ನಾನು ಪ್ರತಿ ಸೋಮವಾರ ಹೋಗಿ ವಾರ್ಡನ್ ಮೇಡಂ ಕಣ್ಣಿಗೆ ಬೀಳುತ್ತಿದ್ದೆ. ನಾಲ್ಕನೇ ಸೋಮವಾರ ಅವರೇ ನನ್ನ ಹೆಸರು ಹಿಡಿದು ಕೂಗಿದರು.

ಇನ್ನೊಂದು, ಹಾಸ್ಟೆಲ್ ಅಂದರೆ ಒಂದೇ ಅಲ್ಲ. ಕ್ಯಾಂಪಸ್ಸಿನ ಹಾಸ್ಟೆಲ್ ಬೇರೆ, ಊರೊಳಗಿನ ಇಲಾಖೆ ಹಾಸ್ಟೆಲ್‌ಗಳು ಬೇರೆ. ಸಮಾಜ ಕಲ್ಯಾಣದ್ದು, ಹಿಂದುಳಿದ ವರ್ಗಗಳ ಬಿಸಿಎಂದು, ಅಲ್ಪಸಂಖ್ಯಾತರದ್ದು ಅಂತ ಪ್ರತಿಯೊಂದಕ್ಕೂ ಅದರದ್ದೇ ಲಿಸ್ಟ್. ಇಲಾಖೆಯವಕ್ಕೆ ಎಸ್‌ಎಚ್‌ಪಿ ಅನ್ನೋ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನೀನು ಹಾಕಿದ್ದು ಯಾವುದಕ್ಕೆ? ಒಂದಕ್ಕೆ ಮಾತ್ರ ಹಾಕಿದ್ದರೆ ಇನ್ನೊಂದನ್ನು ಇವತ್ತೇ ನೋಡು.

ಲೈಬ್ರರಿಗೆ ಹೆದರಬೇಡ. ಫೀ ಕಟ್ಟಿದ ರಸೀದಿ, ಆಧಾರ್ ತೋರಿಸಿ ಕೇಳು. ಪುಸ್ತಕ ಮನೆಗೆ ಕೊಡದಿದ್ದರೂ ಕೂತು ಓದೋಕೆ ಕೇಳಬಹುದು ಅಲ್ವಾ. ನಾನು ಕಾರ್ಡ್ ಬರುವ ತನಕ ಹಾಗೇ ಕೂತಿದ್ದೆ. ಬ್ಯಾಗ್ ಹೊರಗೆ ಇಡಬೇಕಾಗುತ್ತೆ, ಅದಕ್ಕೆ ಫೋನು, ದುಡ್ಡು ಇಡೋಕೆ ಒಂದು ಸಣ್ಣ ಪರ್ಸ್ ಇಟ್ಟುಕೋ. ಎರಡರಿಂದ ನಾಲ್ಕೂವರೆ ದಿನಾ ಸಿಕ್ಕಿದರೆ ಹಾಸ್ಟೆಲ್‌ನಲ್ಲಿ ಇರೋರಿಗಿಂತ ನೀನೇ ಜಾಸ್ತಿ ಓದುತ್ತೀಯ, ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನನ್ನ ಮೊದಲ ಸೆಮಿಸ್ಟರ್ ನೋಟ್ಸ್ ಎಲ್ಲ ಆ ಎರಡು ತಿಂಗಳಲ್ಲೇ ಬರೆದದ್ದು. ಆಮೇಲೆ ಹಾಸ್ಟೆಲ್‌ಗೆ ಹೋದ ಮೇಲೆ ಅಷ್ಟು ಬರೆಯಲಿಲ್ಲ.

ಸಿಂಧನೂರು ಹುಡುಗ:

ನಿಮ್ಮ ತೆಕ್ಕಲಕೋಟೆ ದಾರಿಯಲ್ಲೇ ನಾನೂ ಬರೋದು. ನಾವು ನಾಲ್ಕು ಜನ ಸೇರಿ ರೂಮ್ ಮಾಡಿದ್ದೇವೆ, ಊಟ ಮಾತ್ರ ಊರಿಂದಲೇ. ಬುತ್ತಿ ಬಸ್ಸಿಗೆ ಬರುತ್ತೆ. ಅವ್ವ ಬೆಳಿಗ್ಗೆ ರೊಟ್ಟಿ, ಪಲ್ಯ ಕಟ್ಟಿ ಬಸ್ ಸ್ಟ್ಯಾಂಡಿಗೆ ತಂದು ಕೊಡುತ್ತಾರೆ, ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ಬರುತ್ತಾರೆ, ನಾವು ಇಲ್ಲಿ ಹೋಗಿ ಇಳಿಸಿಕೊಳ್ಳುತ್ತೇವೆ. ಡಬ್ಬಿ ಮೇಲೆ ಹೆಸರು, ಊರು ಪೇಂಟಿನಲ್ಲಿ ಬರೆಸಿರಬೇಕು. ಬರೀ ಚೀಟಿ ಅಂಟಿಸಿದರೆ ಎಣ್ಣೆ ತಾಗಿ ಅಳಿಸಿ ಹೋಗಿ, ನಿಮ್ಮ ಡಬ್ಬಿ ಇನ್ಯಾರದ್ದೋ ಪಾಲಾಗುತ್ತೆ. ನನಗೆ ಒಂದು ಸಲ ಹಾಗೆ ಆಗಿ, ಖಾಲಿ ಡಬ್ಬಿ ಮಾತ್ರ ವಾಪಸ್ ಸಿಕ್ಕಿತು. ಬಸ್ಸು ಕೈಕೊಟ್ಟ ದಿನಕ್ಕೆ ಅಂತ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ ರೂಮಿನಲ್ಲಿ ಯಾವಾಗಲೂ ಇರುತ್ತೆ. ಅದೂ ಇಲ್ಲದ ದಿನ ಇಂದಿರಾ ಕ್ಯಾಂಟೀನು, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ.

ಇದನ್ನು ಯಾಕೆ ಹೇಳಿದೆ ಅಂದರೆ, ಪೇಯಿಂಗ್ ಗೆಸ್ಟ್‌ನಲ್ಲಿ ಕೇಳುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಊಟದ್ದೇ. ಊಟ ಊರಿಂದ ಬಂದರೆ ಬರೀ ಬಾಡಿಗೆ, ಕರೆಂಟು. ನಿಮ್ಮ ಕ್ಲಾಸಿನಲ್ಲೇ ಓಡಾಡುವ ಹುಡುಗಿಯರು ಇನ್ನೂ ಮೂವರು ಇದ್ದೇ ಇರುತ್ತಾರೆ, ಕೇಳಿ ನೋಡಿ.

ವಿದ್ಯಾಸಿರಿ ಗೊತ್ತಾ? ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು, ಅಂದರೆ 15,000. ನೀವು ಆ ವರ್ಗಕ್ಕೆ ಬರುತ್ತಿದ್ದರೆ ಎಸ್‌ಎಸ್‌ಪಿ ಅರ್ಜಿಯಲ್ಲೇ ಅದನ್ನೂ ಕೇಳುತ್ತೆ, ಹಾಸ್ಟೆಲ್‌ನಲ್ಲಿ ಇದ್ದೀರಾ ಇಲ್ಲವಾ ಅನ್ನುವ ಕಡೆ ನೋಡಿ ತುಂಬಿ. ಬರೋದು ತಡ, ಅದನ್ನೇ ನಂಬಿ ಬಾಡಿಗೆ ಕಟ್ಟೋಕಾಗಲ್ಲ. ಆದರೆ ಬಂದಾಗ ಅಪ್ಪನಿಗೆ ವಾಪಸ್ ಕೊಡಬಹುದು.

ಹೊಸಪೇಟೆ ರೋಡ್:

ಇಷ್ಟೆಲ್ಲ ಒದ್ದಾಟ ಯಾಕೆ? ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಸೇರಿ ಮನೆಯಲ್ಲೇ ಕೂತು ಎಂ.ಎ. ಮಾಡಬಹುದು. ನಮ್ಮ ಮನೆಯಲ್ಲಿ ಇಬ್ಬರು ಹಾಗೇ ಮಾಡಿದ್ದಾರೆ. ಆರು ತಾಸು ರೋಡಿನ ಮೇಲೆ ಕಳೆಯುವ ಬದಲು ಮನೆಯಲ್ಲಿ ಓದಿದರೆ ಲೆಕ್ಚರರ್ ಆಗೋಕೆ ಬೇಕಾದ ನೆಟ್, ಕೆಸೆಟ್ ಪರೀಕ್ಷೆಗೂ ಟೈಮ್ ಸಿಗುತ್ತೆ.

ಕಂಪ್ಲಿ ಅಕ್ಕ:

ಅಣ್ಣ, ಮನೆಯಲ್ಲಿ ಓದೋಕೆ ಬಿಡೋ ಮನೆ ಇದ್ದರೆ ಅದು ಸರಿ. ನಮ್ಮಂಥ ಹುಡುಗಿಯರು ಮನೆಯಲ್ಲಿದ್ದರೆ ಆರು ತಾಸು ಉಳಿಯಲ್ಲ. ಅಡುಗೆ, ದನ, ಹೊಲ, ಬಂದವರಿಗೆ ಚಹಾ. ಆಮೇಲೆ ವರ ನೋಡೋಕೆ ಬರುತ್ತಾರೆ. ಅವಳು ಬಸ್ಸು ಹತ್ತಿ ಹೊರಗೆ ಬಂದಿರೋದೇ ದೊಡ್ಡದು, ಅದನ್ನು ವಾಪಸ್ ಕಳಿಸಬೇಡಿ.

ಹಳೇ ವಿದ್ಯಾರ್ಥಿ, ಈಗ ಪಾಠ ಮಾಡುವವನು:

ತಾಯಿ, ನಿನ್ನ ಪತ್ರ ಎರಡು ಸಲ ಓದಿದೆ. ನಾವು ಓದುವಾಗ ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ಅದಕ್ಕೂ ಮೊದಲು ಈ ಕಡೆಯ ಕಾಲೇಜುಗಳು ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಒಂದು ಸರ್ಟಿಫಿಕೇಟ್ ಬೇಕಾದರೂ ರಾತ್ರಿ ಬಸ್ಸು ಹತ್ತಿ ಕಲಬುರಗಿಗೆ ಹೋಗುತ್ತಿದ್ದೆವು. ಆಫೀಸು ಈಗ ಹತ್ತಿರ ಬಂದಿದೆ. ಆದರೆ ಹಳ್ಳಿಯಿಂದ ಬಂದ ಮಗು ಕಿಟಕಿ ಮುಂದೆ ನಿಂತು ಕೇಳೋಕೆ ಹೆದರುವುದು ಹಾಗೇ ಇದೆ. ನಾನೂ ಹಾಗೇ ಇದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿನ್ನ ಹೋದ ವರ್ಷದ ಸ್ಕಾಲರ್‌ಶಿಪ್. ಮಂಜೂರಾಗಿದೆ ಅಂತ ತೋರಿಸಿಯೂ ದುಡ್ಡು ಬಂದಿಲ್ಲ ಅಂದರೆ ಅದು ಬೇರೆ ಖಾತೆಗೆ ಹೋಗಿರಬಹುದು. ಸರ್ಕಾರದ ದುಡ್ಡು ನೀನು ಬರೆದು ಕೊಟ್ಟ ಖಾತೆ ನಂಬರಿಗೆ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬರುತ್ತೆ. ಎನ್‌ಪಿಸಿಐ ಮ್ಯಾಪಿಂಗ್ ಅಂತಾರಲ್ಲ, ಅದು. ನನ್ನ ವಿದ್ಯಾರ್ಥಿನಿ ಒಬ್ಬಳು ಒಂದು ವರ್ಷ ಬ್ಯಾಂಕಿಗೆ ಅಲೆದಳು, ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೆಲ್ಲ ಖಾಲಿ. ಕೊನೆಗೆ ನೋಡಿದರೆ, ಹಿಂದೆ ಯಾವಾಗಲೋ ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಂಡಾಗ ಬೆರಳಚ್ಚು ಒತ್ತಿದ್ದಳು, ಅಂಗಡಿಯವನು ಸಿಮ್ ಜೊತೆ ಒಂದು ಖಾತೆಯನ್ನೂ ತೆರೆದುಬಿಟ್ಟಿದ್ದ, ಇವಳಿಗೆ ಗೊತ್ತೇ ಇಲ್ಲ. ಆಧಾರ್ ಅದಕ್ಕೆ ಹೋಗಿ ಕೂತಿತ್ತು, ಎರಡು ಕಂತು ಅಲ್ಲೇ ಬಿದ್ದಿತ್ತು. ನೀನು ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡು ಆಧಾರ್ ನಂಬರ್ ಕೊಟ್ಟು ನೋಡು, ಯಾವ ಬ್ಯಾಂಕಿಗೆ ಹೋಗಿದೆ ಅಂತ ಗೊತ್ತಾಗುತ್ತೆ. ಬೇಡದ ಖಾತೆಯಾಗಿದ್ದರೆ ನಿನ್ನ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ (ಸೀಡಿಂಗ್) ಫಾರಂ ತುಂಬಿ ಬದಲಿಸು.

ಈ ವರ್ಷದ ಸ್ಕಾಲರ್‌ಶಿಪ್ ಅರ್ಜಿಗೆ ಇ-ದೃಢೀಕರಣ ಬೇಕು, ಅಂದರೆ ದಾಖಲೆ ಅಸಲಿ ಅಂತ ಆನ್‌ಲೈನ್‌ನಲ್ಲಿ ಖಚಿತ ಮಾಡಿಸುವುದು. ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿ ಹತ್ತಿರ ಮಾಡಿಸಬೇಕು, ಕೊನೆ ವಾರ ಅಲ್ಲಿ ಸಾಲು ನಿಲ್ಲುತ್ತೆ, ಮೊದಲೇ ಹೋಗು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು, ಜಾತಿ ಆದಾಯದ ಸರ್ಟಿಫಿಕೇಟಿನಲ್ಲಿ ಇರುವ ಹೆಸರು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡು. ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಅಲ್ಲೇ ಅರ್ಜಿ ಸಿಕ್ಕಿಕೊಳ್ಳುತ್ತೆ.

ಇನ್ನು ಹಾಸ್ಟೆಲ್ ವಿಚಾರ. ಬಾಯಲ್ಲಿ ಕೇಳಬೇಡ, ಬರೆದು ಕೊಡು. ಒಂದು ಹಾಳೆಯಲ್ಲಿ ಮನವಿ ಬರೆದು ಎರಡು ಪ್ರತಿ ಮಾಡು. ಊರು ಎಷ್ಟು ದೂರ, ಎಷ್ಟು ಬಸ್ಸು, ಎಷ್ಟು ಗಂಟೆಗೆ ಮನೆ ಸೇರುತ್ತೀಯ, ಇಷ್ಟು ಬರೆದರೆ ಸಾಕು, ಕಣ್ಣೀರಿನ ಮಾತು ಬೇಡ. ಒಂದನ್ನು ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ (ಸ್ವೀಕೃತಿ) ನಂಬರ್ ಹಾಕಿಸಿಕೋ. ಆ ನಂಬರ್ ಇದ್ದರೆ ಮುಂದಿನ ಸಲ ನೀನು "ನನ್ನ ಅರ್ಜಿ ಏನಾಯಿತು" ಅಂತ ಕೇಳಬಹುದು, ಇಲ್ಲದಿದ್ದರೆ ಪ್ರತಿ ಸಲವೂ ಹೊಸದಾಗಿ ಕಥೆ ಹೇಳಬೇಕು. ಎಲ್ಲೂ ಉತ್ತರ ಸಿಗಲಿಲ್ಲ ಅಂದರೆ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಸಂಸ್ಥೆ ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು, ಸಮಿತಿಯವರು ಆದಷ್ಟೂ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸ್ಕಾಲರ್‌ಶಿಪ್ ತಡವಾದದ್ದನ್ನೂ ಅಲ್ಲಿ ಹೇಳಬಹುದು.

ಬಸ್ಸು ನಿಲ್ಲಿಸದ್ದಕ್ಕೂ ಅದೇ ದಾರಿ. ತೆಕ್ಕಲಕೋಟೆಯಲ್ಲಿ ನಿನ್ನ ಜೊತೆ ಎಷ್ಟು ಜನ ಕಾಯುತ್ತಾರೆ? ಎಲ್ಲರ ಸಹಿ ಹಾಕಿಸಿ, ಯಾವ ಹೊತ್ತಿನ ಬಸ್ಸು ಯಾವ ದಿನ ನಿಲ್ಲಲಿಲ್ಲ ಅಂತ ಬರೆದು ಡಿಪೋ ಮ್ಯಾನೇಜರ್‌ಗೆ ಕೊಡಿ. ಬಸ್ಸಿನ ನಂಬರ್ ಬರೆದಿಟ್ಟುಕೊಂಡರೆ ಇನ್ನೂ ಗಟ್ಟಿ.

ಕೌಲ್ ಬಜಾರ್ ಚಿಕ್ಕಮ್ಮ:

ಎಲ್ಲರೂ ಅರ್ಜಿ, ದಾಖಲೆ ಹೇಳಿದ್ದಾರೆ. ನಾನು ಇನ್ನೊಂದು ಹೇಳುತ್ತೇನೆ. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣಬೇಡ ಮಗಳೇ. ನಿನ್ನ ಕ್ಲಾಸಿನಲ್ಲಿ ಡಬ್ಬಿ ತರುವ ಇನ್ನೊಬ್ಬ ಹುಡುಗಿ ಇರುತ್ತಾಳೆ, ಅವಳಿಗೂ ಜಾಗ ಬೇಕಾಗಿರುತ್ತೆ. ನೀನೇ ಮೊದಲು ಕರಿ. ಅಳು ದಿನಾ ಬರುತ್ತಿದ್ದರೆ, ರಾತ್ರಿ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಮಗ ಪರೀಕ್ಷೆ ಹೊತ್ತಿನಲ್ಲಿ ಮಾಡಿದ್ದ.

ಕಾಲುವೆ ಊರಿನವಳು:

ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಬುತ್ತಿ ಡಬ್ಬಿಯ ಮಾತು ಬಂದಾಗ ಅವ್ವ ಹೊರಗೆ ಬಂದು ನಿಂತು ಕೇಳಿದಳು.

ಸರ್, ನೀವು ಹೇಳಿದ್ದು ನಿಜ. ಆ್ಯಪ್‌ನಲ್ಲಿ ನೋಡಿದರೆ ನನ್ನ ಆಧಾರ್ ಬೇರೆ ಯಾವುದೋ ಬ್ಯಾಂಕಿನ ಹೆಸರು ತೋರಿಸುತ್ತಿದೆ, ಆ ಖಾತೆ ನಾನು ಯಾವಾಗ ತೆರೆದೆ ಅಂತ ನೆನಪೇ ಇಲ್ಲ. ನಾಳೆ ಬ್ಯಾಂಕಿಗೆ ಹೋಗುತ್ತೇನೆ. ಅಕ್ಕ, ನಾನು ಹಾಕಿದ್ದು ಕ್ಯಾಂಪಸ್ ಹಾಸ್ಟೆಲ್‌ಗೆ ಮಾತ್ರ. ಎಸ್‌ಎಚ್‌ಪಿ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ಇವತ್ತು ಲೈಬ್ರರಿಗೆ ಹೋದೆ, ರಸೀದಿ ತೋರಿಸಿದೆ, ಒಳಗೆ ಬಿಟ್ಟರು. ಫ್ಯಾನಿನ ಕೆಳಗೆ ಕೂತು ಎರಡು ತಾಸು ಓದಿದೆ. ಕುರುಗೋಡು ಕಡೆಯ ಹುಡುಗಿ ಒಬ್ಬಳು ಪಕ್ಕದಲ್ಲೇ ಇದ್ದಳು, ಅವಳಿಗೂ ಹಾಸ್ಟೆಲ್ ಸಿಕ್ಕಿಲ್ಲವಂತೆ. ಇಬ್ಬರೂ ಮನವಿ ಬರೆಯುತ್ತಿದ್ದೇವೆ. ಒಂದೇ ಹಾಳೆಯಲ್ಲಿ ಕೊಡಬೇಕಾ, ಬೇರೆ ಬೇರೆನಾ?

ಕಂಪ್ಲಿ ಅಕ್ಕ:

ಬೇರೆ ಬೇರೆ ಕೊಡಿ, ಒಬ್ಬರದ್ದು ಆದರೆ ಇನ್ನೊಬ್ಬರದ್ದು ನಿಲ್ಲಬಾರದು. ಸೋಮವಾರ ಹತ್ತಕ್ಕೆ ಲೈಬ್ರರಿ ಬಾಗಿಲ ಹತ್ತಿರ ಇಬ್ಬರೂ ಬನ್ನಿ, ವಾರ್ಡನ್ ಮೇಡಂ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಫೀ ರಸೀದಿ, ಜಾತಿ ಆದಾಯದ ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ ಮೂರು ತನ್ನಿ. ಬಸ್ಸು ನಿಲ್ಲದೆ ತಡವಾದರೂ ಪರವಾಗಿಲ್ಲ, ನಾನು ಕಾಯುತ್ತೇನೆ.